ಸುಡಬೇಕಿದ್ದ ರೀಲು

೧೯೨೬ರ ಆಗಸ್ಟ್ ಹದಿನೇಳರ ಬೆಳಿಗ್ಗೆ ಹಾಲಿವುಡ್ ಠಾಣೆಗೆ ಬಂದ ದೂರು ನಗು ತರಿಸುವಂತಿತ್ತು. ಸುಟ್ಟು ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯಲು ಇಟ್ಟಿದ್ದ ಒಂದು ಹಳೆಯ ರೀಲು ಕಳುವಾಗಿದೆ ಎಂದು ಗ್ರೇಟನ್ ಸ್ಟುಡಿಯೋದ ಮ್ಯಾನೇಜರ್ ಪ್ರೆಂಟಿಸ್ ಬೆವರೊರೆಸಿಕೊಳ್ಳುತ್ತ ಹೇಳಿದ. ಚಿತ್ರೀಕರಣದ ನಡುವೆ ತಾರೆಯರು ಹರಟುವುದು, ತಿನ್ನುವುದು, ಇಂಥದ್ದನ್ನು ಪ್ರಚಾರಕ್ಕೆಂದು ತೆಗೆದ ರೀಲಂತೆ.

"ಅದ್ರಲ್ಲಿ ಏನಿತ್ತು?" ಇನ್ಸ್‌ಪೆಕ್ಟರ್ ಕೋಬರ್ನ್ ಕೇಳಿದ.

"ಏನೂ ಇಲ್ಲ ಸಾರ್."

"ಏನೂ ಇಲ್ಲದ್ದಕ್ಕೆ ಇಷ್ಟು ಬೆವರ್ತೀರಲ್ಲ. ಇರ್ಲಿ, ಸೈನ್ ಹಾಕಿ."

ಎಫ್‌ಐಆರ್ ದಾಖಲಾಯಿತು. ಕೋಬರ್ನ್ ಕಾನ್‌ಸ್ಟೇಬಲ್ ಫೀನಿಯನ್ನು ಕರೆದುಕೊಂಡು ಸ್ಟುಡಿಯೋದ ಉಗ್ರಾಣಕ್ಕೆ ಹೋದ. ಬೀಗ ಒಡೆದಿರಲಿಲ್ಲ. ಬೆಲೆಬಾಳುವ ಹೊಸ ಚಿತ್ರಗಳೆಲ್ಲ ಇದ್ದಲ್ಲೇ ಇದ್ದವು. ಕದ್ದವರು ಡಬ್ಬಿಯನ್ನು ಖಾಲಿ ಬಿಡದೆ, ಬೇರೆ ಚಿತ್ರಗಳ ಚೂರುಪಾರು ಫಿಲ್ಮನ್ನು ಸುತ್ತಿಟ್ಟು ಹೋಗಿದ್ದರು. ಪ್ರೆಂಟಿಸ್ ಖುದ್ದಾಗಿ ಮುಚ್ಚಳ ತೆಗೆದು ನೋಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಸ ಸುಡುವುದಕ್ಕೆ ಮ್ಯಾನೇಜರ್ ಸಾಹೇಬರೇ ಬರಬೇಕೇ ಎಂದು ಫೀನಿ ಗೊಣಗಿದ.

ಕೋಬರ್ನ್ ಆ ಸುರುಳಿ ಬಿಚ್ಚಿದ. ಪ್ರತಿ ಚೂರಿನ ತುದಿಯನ್ನೂ ನೇರವಾಗಿ ಕತ್ತರಿಸಿ, ಕೆರೆದು, ಅಂಟು ಹಚ್ಚಿ ಜೋಡಿಸಲಾಗಿತ್ತು. ಬೆಂಕಿಗೆ ಹೋಗುವ ಫಿಲ್ಮಿಗೆ ಇಷ್ಟು ಉಪಚಾರ ಮಾಡುವವರು ಫಿಲ್ಮ್ ಜೋಡಿಸುವ ಕೋಣೆಯ ಹೆಂಗಸರು ಮಾತ್ರ. ಕೈಗೆ ಹರಿದ ತುದಿ ಸಿಕ್ಕರೆ ಸುಮ್ಮನಿರಲು ಅವರಿಗೆ ಬರುವುದಿಲ್ಲ. ಅಂದು ಕೆಲಸಕ್ಕೆ ಬರದೆ ಉಳಿದವಳು ಅವರಲ್ಲಿ ಒಬ್ಬಳೇ, ಆಗ್ನೆಸ್ ಟೋಲಿವರ್. ಅವಳ ತಂಗಿ ಡೆಲ್ಲಾ ಜೂನ್‌ನಲ್ಲಿ ಚಿತ್ರೀಕರಣದ ವೇಳೆ ನಾಯಕಿಯ ಬದಲಿಗೆ ಸೇತುವೆಯಿಂದ ಹಾರಿ ಸತ್ತಿದ್ದಳು. ಕೆಳಗೆ ಬಲೆ ಕಟ್ಟಿದ್ದೆವು, ಕುಡಿದು ಬಂದು ಆಚೆ ಬಿದ್ದಳು ಎಂದು ಸ್ಟುಡಿಯೋ ಹೇಳಿಕೆ ಕೊಟ್ಟು ಕೈತೊಳೆದುಕೊಂಡಿತ್ತು.

ಮಧ್ಯಾಹ್ನ ಅವಳ ಬಾಡಿಗೆ ಕೋಣೆಗೆ ಹೋದಾಗ ಆಗ್ನೆಸ್ ಕಿಟಕಿಯ ಬಳಿ ರೀಲು ಹಿಡಿದೇ ನಿಂತಿದ್ದಳು.

"ಏನಮ್ಮ, ನೀನೇ ಕದ್ದದ್ದಾ? ಪ್ರೆಂಟಿಸ್ ಕಂಪ್ಲೇಂಟ್ ಕೊಟ್ಟಿದ್ದಾರೆ."

"ಅವರಾಗೇ ಕೊಟ್ರಾ?" ಅವಳು ನಕ್ಕೇಬಿಟ್ಟಳು. "ಹೌದು, ನಾನೇ. ಪಂಚನಾಮೆ ಬರೀರಿ. ಆದ್ರೆ ಒಳಗೇನಿದೆ ಅಂತಾನೂ ಬರೀಬೇಕು. ಇಲ್ಲಾಂದ್ರೆ ನಾನು ಸೈನ್ ಹಾಕಲ್ಲ."

ಮನೆಯೊಡತಿಯೂ ಮಂಜುಗಡ್ಡೆ ಮಾರುವವನೂ ಪಂಚರಾದರು. ಬೆಳಕಿಗೆ ಹಿಡಿದು ಒಂದೊಂದೇ ಚಿತ್ರ ನೋಡಿದರು. ಮುಂದೆ ನಾಯಕಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಹಿಂದೆ ನಿರ್ದೇಶಕ, ದೃಶ್ಯದಲ್ಲಿ ಕಾಣಬಾರದೆಂದೋ ಏನೋ, ಕೈಸನ್ನೆ ಮಾಡಿ ಸೇತುವೆಯ ಕೆಳಗಿನ ಬಲೆ ಬಿಚ್ಚಿಸುತ್ತಿದ್ದ. ಪ್ರೆಂಟಿಸ್ ಪಕ್ಕದಲ್ಲೇ ಇದ್ದ. ಮೇಲೆ ಕಂಬಿಯ ಮೇಲೆ ಡೆಲ್ಲಾ ಒಂಟಿಕಾಲಲ್ಲಿ ನೆಟ್ಟಗೆ ನಿಂತು ಎಲ್ಲರಿಗೂ ಕೈಬೀಸುತ್ತಿದ್ದಳು. ಕುಡಿದವರು ಹಾಗೆ ನಿಲ್ಲುವುದಿಲ್ಲ. ಕೋಬರ್ನ್ ಒಂದನ್ನೂ ಬಿಡದೆ ಬರೆಸಿದ.

ನಾಲ್ಕು ಗಂಟೆಗೆ ಬಂಧನವಾಯಿತು. ಐದಕ್ಕೆ ಪ್ರೆಂಟಿಸ್ ಠಾಣೆಗೆ ಓಡಿಬಂದು ರೀಲು ಕೊಟ್ಟುಬಿಡಿ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಪಾಪ, ಹೆಣ್ಣುಮಗಳು, ಕ್ಷಮಿಸಿದ್ದೇನೆ ಎಂದ.

"ಅದು ಈಗ ಮುದ್ದೆಮಾಲು. ಕೋರ್ಟಲ್ಲಿ ತೋರಿಸ್ಲೇಬೇಕು," ಎಂದ ಕೋಬರ್ನ್.

ಆಗ್ನೆಸ್‌ಗೆ ಬೇಕಾಗಿದ್ದುದು ತಂಗಿಯ ಹೆಸರಿಗೆ ಅಂಟಿದ್ದ ಆ ಸುಳ್ಳು ತೊಲಗುವುದು, ಅಷ್ಟೇ. ಲಾಕಪ್ಪಿನ ಕಂಬಿಯ ಹಿಂದಿನಿಂದ ಅವಳು ಗಟ್ಟಿಯಾಗಿ ಹೇಳಿದಳು:

"ನನ್ನನ್ನ ಕ್ಷಮಿಸೋಕೆ ಇವನ್ಯಾರು? ನಾನು ಕಳ್ಳಿ ಸಾರ್. ಕೇಸ್ ನಡೀಲಿ."