ಕೋನದ ಫೋಟೋ ತೆಗೆದವರು ಯಾರು?

ಪರದೆಯ ಮೇಲೆ ಏನೂ ಮೂಡಲಿಲ್ಲ.

ಗಣಿತದ ಟೀಚರು ಕ್ಯಾಮೆರಾದ ಕಾರ್ಡನ್ನು ಹೊರಗೆಳೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದರು. ಪರದೆಯಲ್ಲಿ ಒಂದೇ ಸಾಲು— 'ಚಿತ್ರಗಳಿಲ್ಲ'.

ಆರನೇ ತರಗತಿಯಲ್ಲಿ ಗುಸುಗುಸು ಶುರುವಾಯಿತು.

ಶುಕ್ರವಾರ ಬೆಳಗ್ಗೆ ಇಡೀ ತರಗತಿ ಶಾಲೆಯನ್ನೆಲ್ಲ ಸುತ್ತಿ ಕೋನಗಳನ್ನು ಹುಡುಕಿತ್ತು. ಏಣಿ ಗೋಡೆಗೆ ಒರಗಿದ ಕಡೆ, ಬಾಗಿಲು ಅರೆ ತೆರೆದ ಕಡೆ, ಕತ್ತರಿ ಬಾಯಿಬಿಟ್ಟ ಕಡೆ— ಎಲ್ಲಿ ಕೋನ ಕಂಡರೂ ಒಂದು ಫೋಟೋ. ಕ್ಯಾಮೆರಾ ಹಿಡಿದವಳು ಗುಬ್ಬಿ. ಕೈ ನಡುಗದಂತೆ ಹಿಡಿಯುವುದು ಹೇಗೆಂದು ಕಂಪ್ಯೂಟರ್ ಮೇಷ್ಟ್ರೇ ಅವಳಿಗೆ ತೋರಿಸಿಕೊಟ್ಟು, ಅಂಗಳದವರೆಗೆ ಮಕ್ಕಳ ಜೊತೆ ನಡೆದಿದ್ದರು. ಇವತ್ತು ಸೋಮವಾರ, ಆ ಫೋಟೋಗಳ ಮೇಲೆ ಗೆರೆ ಎಳೆದು ಅಳೆಯುವ ಪಾಠ.

ಗುಬ್ಬಿ ಹೊಲಿಗೆಯವಳ ಮಗಳು. ಕಪ್ಪುಹಲಗೆಯ ಲೆಕ್ಕ ತಲೆಗೆ ಹತ್ತದೆ ವರ್ಷವೆಲ್ಲ ಕೊನೆಯ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂತವಳು. ಕ್ಯಾಮೆರಾ ಕೊರಳಿಗೆ ಬಿದ್ದ ಮೇಲೆ ಮೊದಲ ಸಲ ಕೈ ಎತ್ತಿ ಉತ್ತರ ಹೇಳಿದ್ದಳು. ಶುಕ್ರವಾರ ಮಧ್ಯಾಹ್ನ ಕ್ಯಾಮೆರಾವನ್ನು ಕಂಪ್ಯೂಟರ್ ಕೋಣೆಯ ಕಪಾಟಿಗೆ ಮರಳಿಸಿದವಳೂ ಅವಳೇ.

ಹೆಡ್‌ಮಾಸ್ಟರ್ ಅವಳನ್ನು ಒಬ್ಬಳನ್ನೇ ಕೋಣೆಗೆ ಕರೆಸಿದರು.

"ಫೋಟೋ ತೆಗೆದವಳು ನೀನೇನಾ?"

"ಹೌದು ಸರ್. ನಾನೇ ತೆಗೆದೆ."

"ಎಲ್ಲಾನೂ?"

"ಎಲ್ಲಾನೂ ಸರ್. ಟೀಚರೇ ತೆಗಿ ಅಂದ್ರು."

"ಮಾಡೋದನ್ನೂ ಮಾಡಿ, ಟೀಚರ ತಲೆಗೆ ಕಟ್ತೀಯಾ?"

ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಆಮೇಲೆ ಎಷ್ಟು ಗದರಿಸಿದರೂ ಅಳು ಬಿಟ್ಟು ಬೇರೇನೂ ಬರಲಿಲ್ಲ. ತಾಯಿಗೆ ಹೇಳಿಕಳಿಸಿದರು. ನಾಳೆ ಬಂದು ಮಗಳ ಟಿ.ಸಿ. ಒಯ್ಯಬೇಕು, ಕ್ಯಾಮೆರಾ ಪಾಠವೂ ಇವತ್ತಿಗೇ ಬಂದ್. ತಾಯಿ ಹೊಲಿಗೆ ಅರ್ಧಕ್ಕೇ ಬಿಟ್ಟು ಓಡಿಬಂದಳು. ಏನು ಎತ್ತ ಎಂದು ಕೇಳುವ ಮೊದಲೇ ಮಗಳ ಕೆನ್ನೆಗೆ ಒಂದು ಬಿಟ್ಟಳು.

ಗಣಿತದ ಟೀಚರಿಗೆ ಮನಸ್ಸು ತಡೆಯಲಿಲ್ಲ. ಹಿಂದಿನ ಬೀದಿಗೆ ಹೋಗಿ ಹೆಡ್‌ಮಾಸ್ಟರ ಸೋದರತ್ತೆಯನ್ನೇ ಕರೆತಂದರು. ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತಿಯಾದ ಹೆಂಗಸು, ಊರಿಗೆಲ್ಲ ಅತ್ತೆ.

"ತಪ್ಪು ಒಪ್ಪಿಕೊಂಡಾಗಿದೆ ಅತ್ತೆ. ನಾನೇ ತೆಗೆದೆ, ಟೀಚರೇ ತೆಗಿ ಅಂದ್ರು ಅಂತ ಅವಳೇ ಅಂದ್ಳು. ಇನ್ನೇನು ವಿಚಾರಣೆ?" ಎಂದರು ಹೆಡ್‌ಮಾಸ್ಟರ್.

"ನೀನು ಸುಮ್ನೆ ಕೂತ್ಕೋ. ಚಿಕ್ಕವನಿದ್ದಾಗ ಬೆಲ್ಲದ ಡಬ್ಬಿ ಖಾಲಿಯಾದ್ರೆ ನೀನೂ ಪಕ್ಕದ್ಮನೆ ಬೆಕ್ಕಿನ ಮೇಲೇ ಹೇಳ್ತಿದ್ದೆ."

ಟೀಚರು ತುಟಿ ಕಚ್ಚಿ ನಗು ತಡೆದರು. ಅತ್ತೆ ನಗಲಿಲ್ಲ. "ಕಪಾಟಿನ ಬೀಗದ ಕೈ ಎಲ್ಲಿರತ್ತೆ?"

"ಕೋಣೇದೂ ಕಪಾಟಿಂದೂ ಎರಡೂ ಕಂಪ್ಯೂಟರ್ ಕೋಣೆ ಬಾಗಿಲ ಹೊರಗಿನ ಮೊಳೆಗೆ," ಎಂದರು ಟೀಚರು.

"ಹಾಗಾದ್ರೆ ಕೈ ಇರೋರೆಲ್ಲ ಕಳ್ಳರೇ. ಫೋಟೋ ಯಾವಾಗ ಹೋದವು?"

"ಶುಕ್ರವಾರ ಮಧ್ಯಾಹ್ನದಿಂದ ಇವತ್ತು ಬೆಳಗ್ಗೆವರೆಗೆ ಯಾವಾಗ ಬೇಕಾದ್ರೂ ಆಗಿರ್ಬಹುದು. ಯಾರಿಗೂ ಗೊತ್ತಿಲ್ಲ."

ಅತ್ತೆ ಒಬ್ಬೊಬ್ಬರನ್ನೇ ಒಳಗೆ ಕರೆಸಿದರು. ಎಲ್ಲರಿಗೂ ಒಂದೇ ಪ್ರಶ್ನೆ— "ಫೋಟೋ ತೆಗೆಯುವಾಗ ನೀವೆಲ್ಲಿದ್ರಿ?"

ಮೊದಲು ಬಂದವನು ಕಾವಲುಗಾರ. ಕಣ್ಣು ನೆಲದಲ್ಲೇ.

"ಗೇಟ್ ಹತ್ರ, ಕುರ್ಚೀಲಿ ಇದ್ದೆ ಅಮ್ಮಾ."

"ಕೂತಿದ್ರೋ, ಮಲಗಿದ್ರೋ?"

"ಒಂಚೂರು... ಕಣ್ಣು ಹತ್ತಿತ್ತು. ಅಷ್ಟರಲ್ಲೇ ಮಡಚಿದ ನನ್ನ ಮೊಣಕಾಲನ್ನ ಲಘುಕೋನ ಅಂತ ತೆಗೆದುಬಿಟ್ರು, ಆ ಪಿಳ್ಳೆಗಳು! ಪರದೆ ಮೇಲೆ ಹಾಕಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಟೀಚರು ಅತ್ತೆಯ ಮುಖ ನೋಡಿದರು. ಅಳಿಸಲು ಕಾರಣವಿದ್ದವನು. ಅತ್ತೆ ಮುಂದಿನವರನ್ನು ಕರೆಯಲು ಕೈಸನ್ನೆ ಮಾಡಿದರು.

ಮುಂದೆ ಡ್ರಾಯಿಂಗ್ ಮೇಷ್ಟ್ರು. ಕೂರುವ ಮೊದಲೇ ಸಿಡಿಮಿಡಿ.

"ನನ್ನ ಕ್ಲಾಸಲ್ಲಿದ್ದೆ. ಚಿತ್ರ ಬಿಡಿಸೋ ಸ್ಟ್ಯಾಂಡಿನ ಕಾಲು ಎಷ್ಟು ಡಿಗ್ರಿ ಅಂತ ಹಿಂಡುಹಿಂಡಾಗಿ ನುಗ್ಗಿ ತೆಗೆದ್ರು. ಬಣ್ಣದ ನೀರು ಚೆಲ್ಲಿದ್ರು. ಗುಂಡಿ ಒತ್ತಿದ್ರೆ ಬರೋದೂ ಒಂದು ಚಿತ್ರಾನಾ? ಆ ಡಬ್ಬ ಹಾಳಾಗಿ ಹೋಗ್ಲಿ ಅಂತ ಅವತ್ತೇ ಅಂದಿದ್ದೆ. ಈಗ್ಲೂ ಅಂತೀನಿ!"

ಬಾಗಿಲು ದಡಾರನೆ ಹಾಕಿಕೊಂಡು ಹೋದರು. "ಇವ್ರೇ ಇರ್ಬೇಕು," ಎಂದು ಹೆಡ್‌ಮಾಸ್ಟರ್ ಪಿಸುಗುಟ್ಟಿದರು.

"ಬೆಳಗ್ಗೆ ಆ ಮಗು ಮೇಲೆ, ಈಗ ಇವ್ರ ಮೇಲೆ. ನಿನ್ನ ಅನುಮಾನಕ್ಕೆ ಒಂದು ಜಾಗ ಅಂತ ಇಲ್ವೇನೋ?"

ಕಂಪ್ಯೂಟರ್ ಮೇಷ್ಟ್ರು ನಗುನಗುತ್ತಲೇ ಬಂದರು. ಗರಿಗರಿ ಇಸ್ತ್ರಿ ಅಂಗಿ, ಮೆತ್ತನೆ ಮಾತು.

"ಫೋಟೋ ತೆಗೆಯುವಾಗ ನೀವೆಲ್ಲಿದ್ರಿ?"

"ನಾನಾ? ನಾನಾಗ್ಲೇ ಮನೆ ಸೇರಿದ್ದೆ ಮೇಡಂ. ಶುಕ್ರವಾರ ಸಂಜೆ ಬೆಲ್ ಆಗಿದ್ದೇ ಕೋಣೆಗೆ ಬೀಗ ಹಾಕಿ ಹೊರಟುಬಿಟ್ಟೆ. ಪಾಪ, ಆ ಹುಡುಗಿಗೆ ಶಿಕ್ಷೆ ಜಾಸ್ತಿ ಆಯ್ತೇನೋ. ತಿಳೀದೆ ಯಾವುದೋ ಗುಂಡಿ ಒತ್ತಿರ್ತಾಳೆ."

"ಸರಿ, ಅಲ್ಲೇ ಕೂತಿರಿ. ಆ ಮಗೂನ ಕರೀರಿ."

ಗುಬ್ಬಿ ತಾಯಿಯ ಹಿಂದೆ ಬಂದಳು. ಕೆನ್ನೆ ಇನ್ನೂ ಕೆಂಪಗಿತ್ತು.

"ನೀನು ತೆಗೆದ ಫೋಟೋಗಳಲ್ಲಿ ಯಾವುದು ಚೆನ್ನಾಗಿತ್ತಮ್ಮ?"

ಶುಕ್ರವಾರದಿಂದ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. "ಕಂಪ್ಯೂಟರ್ ಪೆಟ್ಟಿಗೇದು. ಹೊದಿಸಿದ ಬಟ್ಟೆ ಜಾರಿ, ಮುಚ್ಚಳ ಅರ್ಧ ತೆರೆದಿತ್ತು. ಒಳಗೆ ಏನೂ ಇರ್ಲಿಲ್ಲ, ಅದಕ್ಕೇ ಕೋನ ಚೆನ್ನಾಗಿ ಕಾಣ್ತಿತ್ತು. ಕ್ಯಾಮೆರಾ ವಾಪಸ್ ಕೊಡುವಾಗ ಕಂಪ್ಯೂಟರ್ ಸರ್‌ಗೂ ತೋರಿಸಿದೆ. ಭೇಷ್ ಅಂದ್ರು."

ಕಂಪ್ಯೂಟರ್ ಮೇಷ್ಟ್ರ ನಗು ಮುಖದ ಮೇಲೆಯೇ ಒಣಗಿತು.

"ಕೇಳಿದ್ಯೇನೋ?" ಅತ್ತೆ ಸೋದರಳಿಯನ ಕಡೆ ತಿರುಗಿದರು. "ಒಂದು ಮಾತು, ಎರಡು ಕಿವಿ. ಫೋಟೋ ತೆಗೆಯೋದು ಅಂದ್ರೆ ಕ್ಲಿಕ್ ಮಾಡೋದು. ತೆಗೆದುಹಾಕೋದನ್ನೂ ನಾವು ತೆಗೆಯೋದು ಅಂತೀವಿ. ಈ ಮಗೂನ ನೀನು 'ತೆಗೆದೆಯಾ' ಅಂತ ಕೇಳ್ದೆ. ಕ್ಲಿಕ್ ಮಾಡಿದ್ದನ್ನ ಅದು ಹೌದು ಅಂತು. ಅಳಿಸಿದ್ದನ್ನ ಒಪ್ಕೊಂಡ್ತು ಅಂತ ನೀನು ತಿಳಿದೆ. ಟೀಚರೇ ತೆಗಿ ಅಂದ್ರು ಅಂದಿದ್ದೂ ದಿಟವೇ."

ಹೆಡ್‌ಮಾಸ್ಟರ್ ಮೇಜಿನ ಮೇಲಿದ್ದ ಟಿ.ಸಿ. ಹಾಳೆಯನ್ನು ಮಗುಚಿಟ್ಟರು.

"ಅದಕ್ಕೇ ಅದೇ ಮಾತನ್ನ ಎಲ್ಲರಿಗೂ ಎಸೆದು ನೋಡ್ದೆ. ಕಾವಲುಗಾರ ಶುಕ್ರವಾರ ಬೆಳಗಿನ ಮಾತು ಹೇಳ್ದ. ಡ್ರಾಯಿಂಗ್ ಮೇಷ್ಟ್ರು ಬೆಳಗಿನ ಮಾತು ಹೇಳಿದ್ರು. ಮನಸ್ಸಲ್ಲಿ ಬೇರೇನೂ ಇಲ್ದೋರಿಗೆ ಹಾಗೇ ಕೇಳ್ಸೋದು. ಇವ್ರು?" ಅತ್ತೆಯ ಬೆರಳು ಇಸ್ತ್ರಿ ಅಂಗಿಯ ಕಡೆ ತಿರುಗಿತು. "ಬೆಳಗ್ಗೆ ಮಕ್ಕಳ ಜೊತೇಲೇ ಇದ್ರು. ಆದ್ರೂ 'ಮನೆ ಸೇರಿದ್ದೆ' ಅಂದ್ರು. ಇವ್ರ ಕಿವಿಗೆ ಅಳಿಸೋದೇ ಕೇಳ್ಸಿತು. ಹಾಗೇ ಇಟ್ಕೊಳ್ಳೋಣ. ಅಳಿಸಿದ್ದು ಶುಕ್ರವಾರ ಬೆಲ್ ಆದ್ಮೇಲೆ ಅಂತ ಇವ್ರಿಗೆ ಹೇಳಿದ್ಯಾರು? ನನಗೆ ಗೊತ್ತಿಲ್ಲ, ನಿನಗೆ ಗೊತ್ತಿಲ್ಲ. ಗೊತ್ತಿರೋದು ಅಳಿಸ್ದೋರಿಗೆ ಮಾತ್ರ."

"ಬಾಯಿ ತಪ್ಪಿ ಬಂದ ಒಂದು ಮಾತಿಗೆ—"

"ಬೇಡ ಬಿಡಿ. ಕಂಪ್ಯೂಟರ್ ಪೆಟ್ಟಿಗೆಗಳ ಮುಚ್ಚಳ ಎತ್ತೋಣ, ಬನ್ನಿ."

ಕಂಪ್ಯೂಟರ್ ಮೇಷ್ಟ್ರು ಎದ್ದೇಳಲಿಲ್ಲ. ಹೆಡ್‌ಮಾಸ್ಟರೇ ಸ್ಕ್ರೂಡ್ರೈವರ್ ಹಿಡಿದು ಹೋದರು. ತಿಂಗಳುಗಟ್ಟಲೆ 'ರಿಪೇರಿಗೆ ಕಾಯ್ತಾ ಇವೆ' ಎಂದು ಬಟ್ಟೆ ಹೊದಿಸಿಟ್ಟ ಪೆಟ್ಟಿಗೆಗಳು. ಒಂದರೊಳಗೂ ಏನಿಲ್ಲ, ಬರೀ ಧೂಳು, ತುಂಡು ವೈರು. ಒಳಗಿನದನ್ನೆಲ್ಲ ಕಂಪ್ಯೂಟರ್ ಮೇಷ್ಟ್ರು ಯಾವಾಗಲೋ ಮಾರಿದ್ದರು. ಗುಬ್ಬಿಯ ಫೋಟೋ ಪರದೆಗೆ ಬಂದಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಮರಳಿ ಬಂದ ಹೆಡ್‌ಮಾಸ್ಟರ್ ಟಿ.ಸಿ. ಹಾಳೆಯನ್ನು ಎರಡು ತುಂಡು ಮಾಡಿದರು. "ಪಾಠ ನಾಳೆಯಿಂದ ಮುಂದುವರೀಲಿ ಟೀಚರ್," ಎಂದರು. ಗುಬ್ಬಿಯ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

"ಟೀಚರಿಗಲ್ಲ, ತಪ್ಪಾಯ್ತು ಅಂತ ಆ ಮಗೂಗೆ ಹೇಳು," ಎಂದರು ಅತ್ತೆ.

ಅವರು ಹೇಳಿದರು. ಗುಬ್ಬಿ ತಲೆಯಾಡಿಸಿದಳು.

ಗೇಟು ದಾಟಿದ ಮೇಲೆ ತಾಯಿ ಮಗಳ ಕೈ ಹಿಡಿಯಲು ಹೋದಳು. ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಅವ್ರಿಗೆ ನಾನು ಗೊತ್ತಿಲ್ಲ. ನಿಂಗೂ ಗೊತ್ತಿಲ್ವೇನಮ್ಮ?"

ತಾಯಿ ಬೀದಿಯ ಮಧ್ಯೆಯೇ ಕುಕ್ಕರುಗಾಲಲ್ಲಿ ಕೂತಳು. ಹಿಂದಿನಿಂದ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬೈದುಕೊಂಡು ಹೋದ. ಅವಳು ಏಳಲಿಲ್ಲ. ಮಗಳು ತಾನಾಗಿ ಹತ್ತಿರ ಬರುವವರೆಗೆ ಕೂತೇ ಇದ್ದಳು.