ವೆನಿಲಾ ಮಂಡಿಯಲ್ಲಿ ಕಪ್ಪಾದ ಪರದೆ

ದ್ವೀಪದ ನೇಯಾಫು ಪೇಟೆಯ ವೆನಿಲಾ ಮಂಡಿಯಲ್ಲಿ ಆ ಗುರುವಾರ ಬೆಳಿಗ್ಗೆ ಪರದೆ ಮೂರನೇ ಸಲ ಕಪ್ಪಾಯಿತು. ಲ್ಯಾಪ್‌ಟಾಪಿಗೆ ಜೋಡಿಸಿದ್ದ ದೊಡ್ಡ ಮಾನಿಟರಿನ ಮುಂದಿದ್ದ ಗುಮಾಸ್ತೆ ಲೋಸಲೀನೆ ಕೈ ಹಿಂದಕ್ಕೆಳೆದುಕೊಂಡಳು.

"ನೀನೇ ಕೇಬಲ್ ಎಳೆದು ಆಟ ಆಡ್ತಿದ್ದೀಯ," ಎಂದ ಮ್ಯಾನೇಜರ್ ಗಾರ್ಡನ್. "ನಾನು ಕೂತಾಗ ನೆಟ್ಟಗಿರುತ್ತೆ. ಮಧ್ಯಾಹ್ನದೊಳಗೆ ಒಪ್ಕೋ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಮುಟ್ಟಿದ್ರೆ ಇರುವೆ ಕಚ್ಚಿದಂಗಾಗುತ್ತೆ ಸಾರ್. ಮಂಗಳವಾರದಿಂದ ಹೇಳ್ತಾನೇ ಇದ್ದೀನಿ."

"ನಂಗ್ಯಾಕೆ ಕಚ್ಚಲ್ಲ?"

ವೆನಿಲಾ ಕಾಯಿ ತೂಗುತ್ತಿದ್ದ ಫತಾಯಿಗೆ ಮೈಯೆಲ್ಲ ಉರಿಯಿತು. ದುಡಿಯುವ ಹೆಂಗಸು ನೋವೆಂದರೆ ನಾಟಕ, ಯಜಮಾನ ಇಲ್ಲವೆಂದರೆ ಸಾಕ್ಷಿ! ತಕ್ಕಡಿ ಬಿಟ್ಟು ಅವಳು ಹಿತ್ತಲ ಕೋಣೆಗೆ ಧಾವಿಸಿದಳು. ಅಲ್ಲಿದ್ದವನು ಹೇಮಾಸಿ. ಮೂವತ್ತು ವರ್ಷ ಹಡಗಿನ ವಿದ್ಯುತ್ ಕೆಲಸ ಮಾಡಿದ ಮುದುಕ. ಮಂಡಿಯಲ್ಲಿ ಏನೇ ಒಗಟು ಬಂದರೂ ಬಿಡಿಸುವುದು ಅವನು, ದೀಪ ಹಿಡಿಯುವುದು ಇವಳು.

"ಯಾರು ಸುಳ್ಳು ಹೇಳ್ತಿದ್ದಾರೆ ಅಜ್ಜ?"

"ತಪ್ಪು ಪ್ರಶ್ನೆ ಫತಾಯಿ. ಇಬ್ರೂ ನಿಜ ಹೇಳ್ತಿದ್ರೆ ಏನಾಗಿರ್ಬೇಕು, ಅದನ್ನ ಕೇಳು."

ಅವನು ಚಾರ್ಜರ್ ಕಿತ್ತು, ಬರೀ ಬ್ಯಾಟರಿಯ ಮೇಲೆ ಲೋಸಲೀನೆಯಿಂದ ಅರ್ಧ ಗಂಟೆ ಕೆಲಸ ಮಾಡಿಸಿದ. ಪರದೆ ಮಿಸುಕಲಿಲ್ಲ. ಚಾರ್ಜರ್ ಸಿಕ್ಕಿಸಿದ್ದೇ ತಡ, ಕಪ್ಪು. ಬೇರೆ ಕೇಬಲ್ ಹಾಕಿದರೂ ಕಪ್ಪು. ಆಮೇಲೆ ಲ್ಯಾಪ್‌ಟಾಪಿನ ಒಂದು ತಿರುಪಿಗೂ ಒದ್ದೆ ಸಿಮೆಂಟು ನೆಲಕ್ಕೂ ಮೀಟರ್ ಹಿಡಿದ. ತೊಂಬತ್ತು ವೋಲ್ಟ್. ಬಾಗಿಲ ಹೊರಗೆ ಸಾಲಾಗಿದ್ದ ಹೆಂಗಸರ ಚಪ್ಪಲಿಗಳನ್ನು ಎಣಿಸಿದ. ಗೋಡೆಯ ಹಸಿರು ತಂತಿಯ ಬೆನ್ನು ಹಿಡಿದು ಕಟ್ಟಡದ ಹಿಂದಕ್ಕೆ ಹೋದ. ಅಲ್ಲಿ ಸೋಮವಾರವಷ್ಟೇ ಹಾಕಿದ ನೀರಿನ ಕರಿ ಪ್ಲಾಸ್ಟಿಕ್ ಪೈಪು, ಇನ್ನೂ ಹಸಿ ಮಣ್ಣು. ಬಗ್ಗಿ ನೋಡಿ "ಹ್ಞೂಂ" ಎಂದ, ಅಷ್ಟೇ.

ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕೂತರು. ಗಾರ್ಡನ್ ಮಾತ್ರ ನಿಂತಿದ್ದ.

"ಒಪ್ಕೊಂಡಳಾ?"

"ಮೊದ್ಲು ನಿಮ್ ಬೂಟು ಬಿಚ್ಚಿ ಸಾರ್," ಎಂದ ಹೇಮಾಸಿ. "ನಮ್ಮಲ್ಲಿ ಒಳಗೆ ಬರೋರೆಲ್ಲ ಬಿಚ್ಚೇ ಬರೋದು."

"ಏನು ಹುಡುಗಾಟ ಇದು?"

"ಹೆದರಿಕೇನಾ?" ಫತಾಯಿ ಕೆಣಕಿದಳು. ಚಾಪೆಯ ಮೇಲೆ ನಗೆಯೆದ್ದಿತು.

"ಜೀವಕ್ಕೇನೂ ಆಗಲ್ಲ, ಹರಿಯೋ ಕರೆಂಟನ್ನೂ ಅಳೆದಿದ್ದೀನಿ," ಎಂದ ಹೇಮಾಸಿ.

ಗಾರ್ಡನ್ ಕೆಂಪಾಗಿ ಬೂಟು, ಕಾಲುಚೀಲ ಕಳಚಿ ಒದ್ದೆ ನೆಲದ ಮೇಲೆ ನಿಂತ. ಲ್ಯಾಪ್‌ಟಾಪ್ ಮುಟ್ಟಿದ. "ಅಯ್ಯೋ!" ಎಂದು ಜಿಗಿದ. ಪರದೆ ಕಪ್ಪಾಯಿತು.

ಈಗ ಯಾರೂ ನಗಲಿಲ್ಲ. ಹೇಮಾಸಿ ನಿಧಾನವಾಗಿ ಬಿಡಿಸಿ ಹೇಳಿದ. "ಚಾರ್ಜರಿನಿಂದ ಒಂಚೂರು ಕರೆಂಟು ಸದಾ ಸೋರುತ್ತೆ. ಅದನ್ನ ನೆಲಕ್ಕೆ ಇಳಿಸೋದು ಅರ್ತ್ ತಂತಿ. ತಂತಿಗೆ ದಾರಿ ಇಲ್ಲದಿದ್ರೆ ಅದು ಲ್ಯಾಪ್‌ಟಾಪಿನ ಮೈಮೇಲೆ ಕೂರುತ್ತೆ. ಬರಿಗಾಲವರು ಮುಟ್ಟಿದ್ರೆ ಅವರ ಮೈಮೂಲಕವೇ ಇಳಿಯುತ್ತೆ, ಆ ಜಗ್ಗಾಟಕ್ಕೆ ಮಾನಿಟರ್ ತಬ್ಬಿಬ್ಬಾಗುತ್ತೆ. ರಬ್ಬರ್ ಬೂಟಿನವರಿಗೆ ಅದು ಗೊತ್ತೇ ಆಗಲ್ಲ. ಬ್ಯಾಟರಿ ಮೇಲೆ ಯಾಕೆ ಸರಿಯಿತ್ತು? ಸೋರೋ ಚಾರ್ಜರೇ ಇರ್ಲಿಲ್ಲ."

"ಅರ್ತ್ ಎಲ್ಲಿಗೆ ಹೋಯ್ತು?" ಎಂದ ಗಾರ್ಡನ್.

"ಈ ಹಳೇ ಕಟ್ಟಡದಲ್ಲಿ ಅದನ್ನ ನೀರಿನ ಕಬ್ಬಿಣದ ಪೈಪಿಗೆ ಬಿಗಿದಿದ್ರು. ಸೋಮವಾರ ಆ ಪೈಪು ಕತ್ತರಿಸಿ ಪ್ಲಾಸ್ಟಿಕ್ ಹಾಕಿಸಿದವರು ನೀವು. ತಂತಿ ಈಗ ಗೇಣುದ್ದದ ಮೊಂಡು ಕಬ್ಬಿಣಕ್ಕೆ ನೇತಾಡ್ತಿದೆ. ನಾಳೆ ಯಾವುದಾದ್ರೂ ಯಂತ್ರ ಪೂರ್ತಿ ಕೆಟ್ರೆ ಇರುವೆ ಕಚ್ಚಲ್ಲ, ಹೆಣ ಬೀಳುತ್ತೆ."

ಗಾರ್ಡನ್ ಬೂಟಿಗೆ ಕೈ ಹಾಕುತ್ತ, "ಸರಿ, ನೀನು ಕೆಲಸಕ್ಕೆ ಕೂತ್ಕೋ," ಎಂದ.

ಲೋಸಲೀನೆ ಏಳಲಿಲ್ಲ. "ಮೊದ್ಲು ಆ ಅರ್ತ್ ತಂತಿಗೆ ನೆಲದೊಳಕ್ಕೆ ತಾಮ್ರದ ಸರಳು ಹೊಡೆಸಿ. ಆಮೇಲೆ ನನ್ ಮೇಲೆ ಹೊರಿಸಿದ್ದು ಸುಳ್ಳು ಅಂತ ಬರೆದು ಸಹಿ ಹಾಕಿ. ಅಲ್ಲೀವರೆಗೂ ನಾವ್ಯಾರೂ ಏಳಲ್ಲ."

ಫತಾಯಿ ಅವಳ ಪಕ್ಕಕ್ಕೆ ಸರಿದು ಕೂತಳು. ಹನ್ನೊಂದು ಜನ ಹೆಂಗಸರು ಮಿಸುಕಲಿಲ್ಲ. ಗಾರ್ಡನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಕಾಗದ ತರಿಸಿದ.