ಡೈನಮೋಗೆ ಕಟ್ಟಿದ ಮಾಟ

"ಗಾಡಿ ಒಯ್ಯಪ್ಪ ತಮ್ಮಾ. ಆದ್ರ ಆ ಡೈನಮೋ ಮಾತ್ರ ಬಿಚ್ಚಬ್ಯಾಡ," ಎಂದಳು ನೀಲಗುಂದದ ಗಾದೆಮ್ಮ. ಅವಳ ಗಂಡನಿಗೆ ದಾಯಾದಿಗಳು ಮಾಟ ಮಾಡಿಸಿದ್ದರಂತೆ. ಪಾದದಿಂದ ಶುರುವಾಗಿ ಮೈಯೆಲ್ಲ ಮರಗಟ್ಟುತ್ತ ಬಂದಾಗ ಮಂತ್ರವಾದಿಯೊಬ್ಬ ಅದನ್ನಿಳಿಸಿ, ಈ ಹಳೆಯ ಅಂಬಾಸಿಡರ್ ಕಾರಿನಲ್ಲಿ ಕರೆಂಟು ಹುಟ್ಟಿಸುವ ಡೈನಮೋಗೆ ಕಟ್ಟಿದ್ದನಂತೆ.

"ಮಾಟಕ್ಕೆ ಎಷ್ಟು ವೋಲ್ಟ್ ಇರುತ್ತಮ್ಮಾ?" ಎಂದು ನಕ್ಕ, ಕಾರು ಕೊಳ್ಳಲು ಬಂದಿದ್ದ ಅರುಣಕುಮಾರ್. ಮೈಸೂರಿನಿಂದ ಹರಪನಹಳ್ಳಿಗೆ ಭೌತಶಾಸ್ತ್ರ ಕಲಿಸಲು ಬಂದವನಿಗೆ ಹಳೆಯ ಕಾರುಗಳ ಹುಚ್ಚು. ಗಾದೆಮ್ಮ ನಗಲಿಲ್ಲ.

ಭಾನುವಾರ ಮಧ್ಯಾಹ್ನ, ಬಾಡಿಗೆ ಮನೆಯ ತಗಡಿನ ಶೆಡ್ಡಿನ ಕದ ಮುಂದೆ ಮಾಡಿಕೊಂಡು ಬಾನೆಟ್ ಎತ್ತಿದ. ಡೈನಮೋ ಸುತ್ತ ಕರಿದಾರ. ದಾರದೊಳಗೆ ಕೂದಲು, ಗ್ರೀಸಿನಲ್ಲಿ ನೆನೆದ ಕುಂಕುಮ. ಕತ್ತರಿಸಿದ. ಕೊಳೆತ ನಿಂಬೆಯ ನಾತ ಶೆಡ್ಡು ತುಂಬಿತು. ಡೈನಮೋ ಇಳಿಸಿ, ಅದರ ಜಾಗಕ್ಕೆ ಹೊಸ ಆಲ್ಟರ್ನೇಟರ್ ಕೂರಿಸಿ, ಹಳೆಯ ವೈರುಗಳನ್ನು ಕಿತ್ತು, ದಪ್ಪ ಕೆಂಪು ವೈರನ್ನು ನೇರ ಬ್ಯಾಟರಿಗೆ ಎಳೆದ. ಎಂಜಿನ್ ಚಾಲೂ ಆಯಿತು. ಮೀಟರಿನ ಮುಳ್ಳು ಹದಿನಾಲ್ಕು ವೋಲ್ಟಿಗೆ ಏರಿ ನಿಂತಿತು.

ಎಂಜಿನ್ ಆರಿಸಿದ. ಮುಳ್ಳು ಇಳಿಯಲಿಲ್ಲ. ಹೆಡ್‌ಲೈಟು ತಾನಾಗಿಯೇ ಹೊತ್ತಿಕೊಂಡಿತು. ವೈರಿಂಗ್ ತಪ್ಪಿರಬೇಕೆಂದು ಬ್ಯಾಟರಿಯ ಕೊಂಡಿ ಕಳಚಿದ. ದೀಪ ಇನ್ನಷ್ಟು ಪ್ರಖರವಾಯಿತು. ಎಲ್ಲೋ ಚರ್ಮ ಸುಡುವ ವಾಸನೆ. ಬಗ್ಗಿ ನೋಡಿದ. ಅವನ ಎಡಗೈ ಕಾದ ಹೊಗೆ ಕೊಳವೆಗೆ ಅಂಟಿತ್ತು. ನೋವಿರಲಿಲ್ಲ. ಏನೂ ಇರಲಿಲ್ಲ. ಕೈ ಎಳೆದ. ಬರಲಿಲ್ಲ. ಜೋಮು ಮೊಣಕೈ ದಾಟಿತು. ಭುಜ. ಎದೆ. ದೀಪ ಬೆಳ್ಳಗಾಗುತ್ತಲೇ ಇತ್ತು. ಕೂಗಿದ. ದನಿ ಹೊರಡಲಿಲ್ಲ.

ಊಟಕ್ಕೆ ಕರೆಯಲು ಬಂದ ಹೆಂಡತಿ ರಮಾ ಅವನನ್ನು ಎರಡೂ ಕೈಯಿಂದ ಹಿಡಿದೆಳೆದಳು. ಅವಳು ಏಳು ತಿಂಗಳ ಬಸುರಿ. ಹೆಡ್‌ಲೈಟು ಒಮ್ಮೆ ಕಣ್ಣು ಕೋರೈಸುವಂತೆ ಉರಿದು ಪಟ್ಟನೆ ಆರಿತು. ಇಬ್ಬರೂ ಶೆಡ್ಡಿನ ಮಬ್ಬುಗತ್ತಲಲ್ಲಿ ಬಿದ್ದಿದ್ದರು. ರಮಾಳಿಗೆ ಒಂದು ಗೀರೂ ಆಗಿರಲಿಲ್ಲ.

ಸುದ್ದಿ ತಿಳಿದು ಬಂದ ಗಾದೆಮ್ಮ ಕಾರನ್ನು ಬಹಳ ಹೊತ್ತು ಮುಟ್ಟಿ ನೋಡಿದಳು. "ಅದು ಈಗ ಗಾಡ್ಯಾಗ ಇಲ್ಲ," ಎಂದಳು. ಆಮೇಲೆ ರಮಾಳ ಹೊಟ್ಟೆಯ ಕಡೆ ನೋಡಿ, ಬಾಯಿಗೆ ಸೆರಗು ಹಿಡಿದುಕೊಂಡು ಹೊರಟುಹೋದಳು.

ಅರುಣನ ಕೈಗೆ ಕ್ರಮೇಣ ಸ್ಪರ್ಶ ಮರಳಿತು. ಮಗಳು ಮೇಘಾ ಹುಟ್ಟಿದಳು. ಸೂಜಿ ಚುಚ್ಚಿದರೂ ಅಳದ ಮಗುವನ್ನು ನೋಡಿ ಆಸ್ಪತ್ರೆಯವರು ಜಾಣೆ ಎಂದರು. ಗಂಡಹೆಂಡತಿ ಮುಖ ಮುಖ ನೋಡಿಕೊಳ್ಳಲಿಲ್ಲ.

ಮೊನ್ನೆ ಅರುಣ ಅಡುಗೆಮನೆಗೆ ಹೋದಾಗ, ಈಗ ಅಂಬೆಗಾಲಿಡುವ ಮೇಘಾ, ಆಗಷ್ಟೇ ಒಲೆಯಿಂದಿಳಿಸಿದ ರೊಟ್ಟಿ ಹಂಚಿನ ಮೇಲೆ ಎರಡೂ ಅಂಗೈ ಊರಿಕೊಂಡು ಕೂತಿದ್ದಳು. ಅವನು ಅವಳನ್ನು ಎತ್ತಿಕೊಂಡ. ಅಪ್ಪ ಯಾಕೆ ನಡುಗುತ್ತಿದ್ದಾನೆಂದು ತಿಳಿಯದೆ ಮಗು ಬೊಬ್ಬೆಯೆದ್ದ ಕೈಯಿಂದ ಅವನ ಕೆನ್ನೆ ಸವರಿತು.